ಕಬ್ಬು ಕಡಿಯುವವರಿಗಾಗಿ ಉಬ್ಬುಗೆರೆಯ ಬೆಚ್ಚನೆಯ ಟೋಪಿ: ಕ್ರೋಶಾದಲ್ಲಿ ಹೆಣೆಯುವ ಕ್ರಮ

ದೀಪಾವಳಿಯ ಆಸುಪಾಸಿನಲ್ಲಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಗುತ್ತದೆ. ಅದರ ಬೆನ್ನಿಗೇ ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ನಮ್ಮದೇ ವಿಜಯಪುರ ಜಿಲ್ಲೆಯ ತಾಂಡಾಗಳಿಂದಲೂ ಕಬ್ಬು ಕಡಿಯುವ ಗ್ಯಾಂಗುಗಳು ಬಂದು, ಹೊಲದ ಬದಿಗೋ ಕಾರ್ಖಾನೆಯ ಹತ್ತಿರದ ಬಯಲಿನಲ್ಲೋ ಗುಡಿಸಲು ಹಾಕಿಕೊಂಡು ಹಂಗಾಮು ಮುಗಿಯುವವರೆಗೆ ಉಳಿಯುತ್ತವೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಈ ಭಾಗದ ರಾತ್ರಿಯ ತಾಪಮಾನ 15 ಡಿಗ್ರಿಗಿಂತ ಕೆಳಗಿಳಿಯುತ್ತದೆ. ವಿಜಯಪುರದ ಕಡೆ ಕೆಲವು ದಿನ 10 ಡಿಗ್ರಿಯ ಹತ್ತಿರಕ್ಕೂ ಹೋಗುವುದುಂಟು. ಅಂಥ ನಸುಕಿನಲ್ಲಿ, ಗರಿಗಳ ಮೇಲಿನ ಇಬ್ಬನಿ ಆರುವ ಮೊದಲೇ, ಇವರು ಕೊಯ್ತಾ (ಕಬ್ಬು ಕಡಿಯುವ ಕತ್ತಿ) ಹಿಡಿದು ಹೊಲದಲ್ಲಿರುತ್ತಾರೆ, ಮಕ್ಕಳು ಬದುವಿನ ಮೇಲೆ ಕುಳಿತಿರುತ್ತಾರೆ. ಇಂಥವರಿಗೆ ಕೊಡಲೆಂದೇ ಹೆಣೆಯಬಹುದಾದ ಒಂದು ಟೋಪಿಯ ಕ್ರಮವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ವಿವರಿಸಿದ್ದೇನೆ.

ಸೀರೆಗೆ ಕ್ರೋಶಾ ಕುಚ್ಚು ಹಾಕಿ ಅಭ್ಯಾಸವಿರುವವರು ನಮ್ಮ ಕಡೆ ಬಹಳ ಜನರಿದ್ದಾರೆ. ಅವರಿಗೆ ಈ ಟೋಪಿಯಲ್ಲಿ ಹೊಸದಾಗಿ ಕಲಿಯಬೇಕಾದದ್ದು ಒಂದೇ ಹೊಲಿಗೆ, ಉಳಿದದ್ದೆಲ್ಲ ಕೈಗೆ ಬಂದಿರುವುದೇ ಆಗಿದೆ. ಕಡ್ಡಿ ಮಾತ್ರ ದಪ್ಪನಾಗುತ್ತದೆ, ದಾರ ರೇಷ್ಮೆಯ ಬದಲು ಉಲನ್ ಆಗುತ್ತದೆ.

ಹೆಣೆಯುವ ಮೊದಲು ಈ ಟೋಪಿ ಏರುವ ತಲೆ ದಿನವಿಡೀ ಏನು ಕೆಲಸ ಮಾಡುತ್ತದೆ ಎಂಬುದನ್ನು ಯೋಚಿಸಬೇಕು. ಗ್ಯಾಂಗಿನ ಹೆಣ್ಣುಮಕ್ಕಳು ಕಬ್ಬಿನ ಹೊರೆಯನ್ನು ತಲೆಯ ಮೇಲೆ ಸಿಂಬೆಯಿಟ್ಟು ಹೊರುತ್ತಾರೆ, ಹಲಗೆ ಏರಿ ಟ್ರ್ಯಾಕ್ಟರ್ ಟ್ರೇಲರಿಗೆ ತುಂಬುತ್ತಾರೆ. ಅಂಥ ತಲೆಗೆ ಟೋಪಿಯ ತುದಿಯಲ್ಲಿ ಉಲನ್ ಗೊಂಡೆ ಇಟ್ಟರೆ ಅದು ಮೊದಲ ದಿನವೇ ಕಿತ್ತು ಹೋಗಬೇಕಾಗುತ್ತದೆ. ನೆತ್ತಿಯಲ್ಲಿ ಒಂದು ಸಣ್ಣ ಗಂಟು ಉಳಿದಿದ್ದರೂ ಹೊರೆಯ ಭಾರಕ್ಕೆ ಅದು ಚುಚ್ಚುತ್ತದೆ. ಕಿವಿಯ ಎರಡೂ ಬದಿಗೆ ಇಳಿಬಿಟ್ಟ ಜಡೆ ದಾರಗಳು ಕಬ್ಬಿನ ಗರಿಗೆ ಸಿಕ್ಕಿಕೊಳ್ಳುತ್ತವೆ, ಒಲೆಯ ಮುಂದೆ ಬಗ್ಗಿದಾಗ ಬೆಂಕಿಗೂ ತಾಗುತ್ತವೆ. ಗುಂಡುಗುಂಡಾಗಿ ಎದ್ದು ನಿಲ್ಲುವ ಬಾಬಲ್ ಹೆಣಿಗೆ ನೋಡಲು ಚೆಂದವೇ ಆದರೂ ಅದರ ಸಂದುಗಳಲ್ಲಿ ರವದಿಯ, ಅಂದರೆ ಕಬ್ಬಿನ ಒಣಗರಿಯ, ಚೂರು ಸೇರಿಕೊಂಡು ಹೊರಗೆ ಬರುವುದಿಲ್ಲ. ಆದ್ದರಿಂದ ಎತ್ತರ ಕಡಿಮೆಯಿದ್ದು, ಮೇಲಿಂದ ಕೆಳಕ್ಕೆ ಸಾಲಾಗಿ ಇಳಿಯುವ ಉಬ್ಬುಗೆರೆಗಳ ಹೆಣಿಗೆಯನ್ನು ಆರಿಸಿಕೊಂಡಿದ್ದೇನೆ. ಈ ಗೆರೆಗಳು ಕೇವಲ ಅಲಂಕಾರಕ್ಕಲ್ಲ. ಎರಡು ಗೆರೆಗಳ ನಡುವಿನ ತಗ್ಗಿನಲ್ಲಿ ಗಾಳಿ ಅಲುಗಾಡದೆ ನಿಲ್ಲುತ್ತದೆ. ಉಲನ್ನಿನ ಬೆಚ್ಚಗೆ ಬಹುಮಟ್ಟಿಗೆ ಹೀಗೆ ನಿಂತ ಗಾಳಿಯಿಂದಲೇ ಬರುವಂಥದ್ದು. ಜೊತೆಗೆ ಈ ಹೆಣಿಗೆ ಅಡ್ಡಕ್ಕೆ ಹಿಗ್ಗುತ್ತದೆಯಾದ್ದರಿಂದ ಅಳತೆ ತೆಗೆದುಕೊಳ್ಳದ ತಲೆಗೂ ಸರಿಹೋಗುತ್ತದೆ. ದಾನದ ಟೋಪಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಯಾರ ತಲೆಗೆ ಯಾವುದು ಹೋಗುತ್ತದೆ ಎಂಬುದು ಹೆಣೆಯುವಾಗ ನಮಗೆ ಗೊತ್ತಿರುವುದಿಲ್ಲ.

ಸಾಮಗ್ರಿ

ಮಧ್ಯಮ ದಪ್ಪದ, ನಯವಾದ ಉಲನ್ 100 ಗ್ರಾಂ ಬೇಕಾಗುತ್ತದೆ. ಉಂಡೆಯ ಚೀಟಿಯ ಮೇಲೆ 4.5ರಿಂದ 5.5 ಮಿ.ಮೀ. ಕಡ್ಡಿ ಬಳಸಲು ಸೂಚಿಸಿದ್ದರೆ ಅದು ಸರಿಯಾದ ದಪ್ಪ ಎಂದು ತಿಳಿಯಬಹುದು. ಅಂಗಡಿಯವರು ಹೇಳುವ ‘4 ಪ್ಲೈ’ ಎಂಬ ಮಾತನ್ನೇ ನಂಬಬೇಡಿ, ಏಕೆಂದರೆ ಅದು ಎಳೆಗಳ ಸಂಖ್ಯೆಯೇ ಹೊರತು ದಾರದ ದಪ್ಪವಲ್ಲ. ಬೇರೆ ಬೇರೆ ಕಂಪನಿಯ 4 ಪ್ಲೈ ದಾರಗಳು ದಪ್ಪದಲ್ಲಿ ಬೇರೆ ಬೇರೆಯಾಗಿರುತ್ತವೆ. ದಾರ ತೆಳುವಾಗಿದ್ದರೆ ಎರಡು ಎಳೆ ಕೂಡಿಸಿ ಹೆಣೆಯಬಹುದು, ಆಗ ಹೆಚ್ಚು ಉಲನ್ ಬೇಕಾಗುತ್ತದೆ. ಬೆಳಗಾವಿಯವರಿಗೆ ಖಡೇಬಜಾರ, ಗಣಪತ ಗಲ್ಲಿಯ ಕಡೆ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸುವುದು ಸುಲಭ. ಒಂದೇ ಬಣ್ಣದ ಹಲವು ಟೋಪಿ ಮಾಡುವುದಿದ್ದರೆ ಚೀಟಿಯ ಮೇಲಿನ ಲಾಟ್ ಸಂಖ್ಯೆ ಒಂದೇ ಇರುವ ಉಂಡೆಗಳನ್ನು ಒಟ್ಟಿಗೇ ಕೊಳ್ಳಬೇಕು. ಅಂಗಡಿಯ ದೀಪದಲ್ಲಿ ಕಾಣದ ಬಣ್ಣದ ವ್ಯತ್ಯಾಸ ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಮಾಸಲು ಕಾಣದ ಗಾಢ ನೀಲಿ, ಕಂದು, ಕಡುಗೆಂಪು ಬಣ್ಣಗಳು ಹೊಲದ ಕೆಲಸಕ್ಕೆ ಒಳ್ಳೆಯವು.

ಅಕ್ರಿಲಿಕ್ ಎಂಬ ಕೃತಕ ದಾರ ಮತ್ತು ಉಣ್ಣೆಯ ನಡುವೆ ಆಯ್ಕೆ ಮಾಡುವುದು ಸ್ವಲ್ಪ ಕಷ್ಟದ ವಿಷಯ. ಅಕ್ರಿಲಿಕ್ ಅಗ್ಗ, ಸಾದಾ ಸಾಬೂನಿನಲ್ಲಿ ತೊಳೆದರೂ ಕುಗ್ಗುವುದಿಲ್ಲ, ಚರ್ಮಕ್ಕೆ ಕಡಿಯುವುದಿಲ್ಲ. ಆದರೆ ಬೆಂಕಿಯ ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಕುರಿಯ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿದರೂ ಕರಿಕಾಗಿ ಆರಿಹೋಗುತ್ತದೆ. ಆದರೆ ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಕುಗ್ಗಿ ಗಟ್ಟಿಯಾಗಿಬಿಡುತ್ತದೆ. ಕೈಗೆಟುಕುವ ಬೆಲೆಗೆ ಉಣ್ಣೆ ಬೆರೆತ ಅಕ್ರಿಲಿಕ್ ಸಿಕ್ಕರೆ ಅದನ್ನೇ ಕೊಳ್ಳಿ. ಬರೀ ಅಕ್ರಿಲಿಕ್ ಆಗಲಿ, ಬೆರಕೆಯಾಗಲಿ, ಕೊಡುವಾಗ ಒಲೆಯ ಮುಂದೆ ಕೂರುವ ಮೊದಲು ತೆಗೆದಿಡಬೇಕೆಂದು ಬಾಯಿಬಿಟ್ಟು ಹೇಳಲೇಬೇಕು. ನಮ್ಮ ಭಾಗದ ದಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು, ಆದರೆ ಅದರ ಎಳೆ ಒರಟು; ನೇರವಾಗಿ ಹಣೆಗೆ ತಾಗುವ ಟೋಪಿಗೆ, ಅದರಲ್ಲೂ ಮಕ್ಕಳ ಟೋಪಿಗೆ, ಅದು ಒಗ್ಗುವುದಿಲ್ಲ.

ಇದಲ್ಲದೆ 5 ಮಿ.ಮೀ. ಮತ್ತು 4.5 ಮಿ.ಮೀ. ಕ್ರೋಶಾ ಕಡ್ಡಿಗಳು, ದೊಡ್ಡ ಕಣ್ಣಿನ ಮೊಂಡು ಸೂಜಿ, ಕತ್ತರಿ, ಟೇಪು, ಮತ್ತು ಸುತ್ತಿನ ಆರಂಭ ಗುರುತಿಸಲು ಬೇರೆ ಬಣ್ಣದ ಒಂದು ತುಂಡು ದಾರ ಇರಲಿ.

ಬಳಸುವ ಹೊಲಿಗೆಗಳು

ಸರಪಳಿ ಎಲ್ಲರಿಗೂ ಗೊತ್ತಿರುವುದೇ. ಕಂಬ ಎಂದರೆ ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿ, ಹೊಲಿಗೆಯೊಳಗೆ ಕಡ್ಡಿ ತೂರಿಸಿ ದಾರ ಎಳೆದು, ಕಡ್ಡಿಯ ಮೇಲಿರುವ ಮೂರು ಕುಣಿಕೆಗಳನ್ನು ಎರಡೆರಡಾಗಿ ಎರಡು ಸಲ ಬಿಡಿಸುವುದು. ಅಮೆರಿಕದ ಕ್ರಮದಲ್ಲಿ ಇದನ್ನು ಡಬಲ್ ಕ್ರೋಶಾ ಎನ್ನುತ್ತಾರೆ. ಬ್ರಿಟಿಷ್ ಕ್ರಮದ ಪುಸ್ತಕ ನೋಡುವವರಿಗೆ ಇದೇ ಹೊಲಿಗೆ ಟ್ರೆಬಲ್ ಎಂಬ ಹೆಸರಿನಲ್ಲಿ ಸಿಗುತ್ತದೆ.

ಹೊಸದಾಗಿ ಕಲಿಯಬೇಕಾದದ್ದು ಉಬ್ಬುಕಂಬ. ವಿಡಿಯೊಗಳಲ್ಲಿ ಇದನ್ನು ಫ್ರಂಟ್ ಪೋಸ್ಟ್ ಎಂದು ಕರೆಯುತ್ತಾರೆ. ಹಿಂದಿನ ಸುತ್ತಿನ ಒಂದು ಕಂಬವನ್ನು ಹತ್ತಿರದಿಂದ ನೋಡಿದರೆ, ಮೇಲೆ ಜಡೆಯ ಹಾಗೆ ಕಾಣುವ ಎರಡು ಎಳೆಗಳೂ ಅವುಗಳ ಕೆಳಗೆ ನೇರವಾಗಿ ನಿಂತ ಕಾಲೂ ಕಾಣುತ್ತವೆ. ಸಾಧಾರಣ ಕಂಬವನ್ನು ಮೇಲಿನ ಎರಡು ಎಳೆಗಳ ಅಡಿಯಲ್ಲಿ ಹೆಣೆಯುತ್ತೇವೆ. ಉಬ್ಬುಕಂಬಕ್ಕೆ ಆ ಎಳೆಗಳನ್ನು ಮುಟ್ಟುವುದಿಲ್ಲ. ಕಡ್ಡಿಗೆ ದಾರ ಸುತ್ತಿಕೊಂಡು, ಕಾಲಿನ ಬಲಕ್ಕೆ ಮುಂದಿನಿಂದ ಕಡ್ಡಿಯನ್ನು ಹಿಂದಕ್ಕೆ ತೂರಿಸಿ, ಕಾಲಿನ ಹಿಂದುಗಡೆಯಿಂದ ಹಾಯಿಸಿ ಎಡಕ್ಕೆ ಮುಂದೆ ತೆಗೆಯಬೇಕು. ಈಗ ಆ ಕಾಲು ಕಡ್ಡಿಯ ಮೇಲೆ ಅಡ್ಡಲಾಗಿ ನಿಂತಿರುತ್ತದೆ. ದಾರವನ್ನು ಹಿಡಿದು ಅದೇ ದಾರಿಯಿಂದ ಹಿಂದಕ್ಕೆ ಎಳೆದು, ಕುಣಿಕೆಯನ್ನು ಸಾಧಾರಣಕ್ಕಿಂತ ತುಸು ಎತ್ತರಕ್ಕೆ ತಂದು, ಎರಡೆರಡಾಗಿ ಬಿಡಿಸಿದರೆ ಕಂಬವು ಬಟ್ಟೆಯ ಮೇಲೆ ಎದ್ದು ನಿಲ್ಲುತ್ತದೆ. ಕುಣಿಕೆಯನ್ನು ಗಿಡ್ಡವಾಗಿ ಬಿಟ್ಟರೆ ಟೋಪಿ ಸುತ್ತು ಸುತ್ತಿಗೂ ಸುಕ್ಕುಗಟ್ಟುತ್ತದೆ, ಆದ್ದರಿಂದ ಆ ಎತ್ತರದ ಕಡೆಗೆ ಗಮನವಿರಲಿ. ತಗ್ಗುಕಂಬ ಇದರ ತಿರುಗುಮುರುಗು: ಕಡ್ಡಿಯನ್ನು ಹಿಂದಿನಿಂದ ಮುಂದಕ್ಕೆ ತಂದು, ಕಾಲಿನ ಮುಂದೆ ಹಾಯಿಸಿ, ಮತ್ತೆ ಹಿಂದಕ್ಕೆ ಒಯ್ಯುವುದು. ಇದು ಅಂಚಿಗೆ ಮಾತ್ರ ಬೇಕಾಗುತ್ತದೆ.

ನೆತ್ತಿ

ಟೋಪಿಯನ್ನು ನೆತ್ತಿಯಿಂದ ಆರಂಭಿಸಿ ಕೆಳಕ್ಕೆ ಹೆಣೆಯುತ್ತೇವೆ. ಬೆರಳಿಗೆ ದಾರ ಸುತ್ತಿ ಜಾರುಕುಣಿಕೆ ಮಾಡಿಕೊಂಡು, ಎರಡು ಸರಪಳಿ ಹಾಕಿ, ಕುಣಿಕೆಯೊಳಗೆ 12 ಕಂಬಗಳನ್ನು ಹೆಣೆದು, ತುದಿಯ ದಾರ ಎಳೆದು ನಡುವಿನ ರಂಧ್ರವನ್ನು ಪೂರ್ತಿ ಮುಚ್ಚಿ, ಮೊದಲ ಕಂಬದ ತಲೆಗೆ ಸ್ಲಿಪ್ ಸ್ಟಿಚ್ ಹಾಕಿ (ಕಡ್ಡಿ ತೂರಿಸಿ ಎಳೆದ ದಾರವನ್ನು ಕಡ್ಡಿಯ ಮೇಲಿನ ಕುಣಿಕೆಯೊಳಗಿಂದಲೂ ನೇರವಾಗಿ ಹಾಯಿಸಿ) ಸುತ್ತನ್ನು ಕೂಡಿಸಬೇಕು. ಈ ಸುತ್ತಿನಲ್ಲೂ ಮುಂದಿನ ಎಲ್ಲ ಸುತ್ತುಗಳಲ್ಲೂ ಆರಂಭದ ಎರಡು ಸರಪಳಿಗಳನ್ನು ಹೊಲಿಗೆಯೆಂದು ಎಣಿಸುವುದಿಲ್ಲ, ಮತ್ತು ಸುತ್ತನ್ನು ಕೂಡಿಸುವುದು ಸರಪಳಿಗೆ ಅಲ್ಲ, ಮೊದಲ ಕಂಬಕ್ಕೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ ಮೊದಲ ಕಂಬಕ್ಕೆ ಬಣ್ಣದ ದಾರದ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಎರಡನೆಯ ಸುತ್ತಿನಲ್ಲಿ ಪ್ರತಿಯೊಂದು ಕಂಬದ ಕಾಲಿಗೆ ಒಂದು ಉಬ್ಬುಕಂಬ, ಅದೇ ಕಂಬದ ತಲೆಗೆ ಒಂದು ಸಾದಾ ಕಂಬ ಹೆಣೆಯಿರಿ. ಒಟ್ಟು 24 ಆಗುತ್ತದೆ, ಅದರಲ್ಲಿ 12 ಉಬ್ಬುಗೆರೆಗಳು. ಇನ್ನು ಮುಂದೆ ಉಬ್ಬುಕಂಬದ ಮೇಲೆ ಉಬ್ಬುಕಂಬವೇ ಬರುತ್ತದೆ, ಹೆಚ್ಚಳವೆಲ್ಲ ಅವುಗಳ ನಡುವಿನ ಸಾದಾ ಕಂಬಗಳಲ್ಲಿ ಆಗುತ್ತದೆ. ಮೂರನೆಯ ಸುತ್ತಿನಲ್ಲಿ ಒಂದು ಉಬ್ಬುಕಂಬ, ಮುಂದಿನ ಸಾದಾ ಕಂಬದಲ್ಲಿ ಎರಡು ಕಂಬ, ಹೀಗೆ ಸುತ್ತಲೂ ಹೆಣೆದರೆ 36. ನಾಲ್ಕನೆಯದರಲ್ಲಿ ಉಬ್ಬುಕಂಬ, ಒಂದು ಸಾದಾ ಕಂಬ, ಮುಂದಿನದರಲ್ಲಿ ಎರಡು, ಒಟ್ಟು 48. ಐದನೆಯದರಲ್ಲಿ ಉಬ್ಬುಕಂಬ, ಎರಡು ಸಾದಾ ಕಂಬ, ಮುಂದಿನದರಲ್ಲಿ ಎರಡು, ಒಟ್ಟು 60. ಆರನೆಯದರಲ್ಲಿ ಉಬ್ಬುಕಂಬ, ಮೂರು ಸಾದಾ ಕಂಬ, ಮುಂದಿನದರಲ್ಲಿ ಎರಡು, ಒಟ್ಟು 72. ಈಗ ಪ್ರತಿ ಎರಡು ಉಬ್ಬುಗೆರೆಗಳ ನಡುವೆ ಐದು ಸಾದಾ ಕಂಬಗಳಿರಬೇಕು. ಇಡೀ ಸುತ್ತನ್ನು ಎಣಿಸುವುದಕ್ಕಿಂತ ಗೆರೆಯಿಂದ ಗೆರೆಗೆ ಎಣಿಸುವುದು ಸುಲಭ, ತಪ್ಪಿದ್ದರೆ ಅದು ಎಲ್ಲಿದೆ ಎಂಬುದೂ ಕೂಡಲೇ ತಿಳಿಯುತ್ತದೆ.

ಪ್ರತ್ಯೇಕವಾಗಿ ಮಾದರಿ ತುಂಡು ಹೆಣೆದು ಅಳತೆ ನೋಡುವ ಅಗತ್ಯ ಇಲ್ಲಿ ಇಲ್ಲ, ಈ ನೆತ್ತಿಯೇ ಅಳತೆಯ ತುಂಡು. ಮೂರು ಸುತ್ತು ಮುಗಿದಾಗ ಅದು ಅಡ್ಡಲಾಗಿ ಸುಮಾರು 8 ಸೆಂ.ಮೀ., ಆರು ಮುಗಿದಾಗ ಸುಮಾರು 16 ಸೆಂ.ಮೀ. ಇರಬೇಕು. ವೃತ್ತದ ಅಡ್ಡಳತೆಯನ್ನು 3.14ರಿಂದ ಗುಣಿಸಿದರೆ ಸುತ್ತಳತೆ ಬರುತ್ತದೆಯಾದ್ದರಿಂದ 16 ಸೆಂ.ಮೀ. ನೆತ್ತಿಯಿಂದ ಸುಮಾರು 50 ಸೆಂ.ಮೀ. ಸುತ್ತಳತೆಯ ಟೋಪಿ ಆಗುತ್ತದೆ. ವಯಸ್ಕರ ತಲೆ ಸಾಮಾನ್ಯವಾಗಿ 54ರಿಂದ 58 ಸೆಂ.ಮೀ. ಇರುತ್ತದೆ, ಟೋಪಿ ಅದಕ್ಕಿಂತ ನಾಲ್ಕೈದು ಸೆಂ.ಮೀ. ಕಡಿಮೆಯಿದ್ದರೆ ಮಾತ್ರ ಗಾಳಿಗೆ ಹಾರದೆ ಕಿವಿಯ ಮೇಲೆ ಬಿಗಿಯಾಗಿ ಕೂರುತ್ತದೆ. ನೆತ್ತಿ ರೊಟ್ಟಿಯ ಹಾಗೆ ಸಮತಟ್ಟಾಗಿ ಹಾಸಿಕೊಳ್ಳಬೇಕು. ಅದು ಬಟ್ಟಲಿನಂತೆ ಮೇಲೇಳುತ್ತಿದ್ದರೆ ಕೈ ಬಿಗಿಯಾಗಿದೆ ಎಂದರ್ಥ, 5.5 ಮಿ.ಮೀ. ಕಡ್ಡಿ ಹಿಡಿಯಬೇಕು, ಅಂಚು ಅಲೆಯಲೆಯಾಗಿ ನೆರಿಗೆಗಟ್ಟುತ್ತಿದ್ದರೆ ಎಲ್ಲೋ ಹೊಲಿಗೆ ಹೆಚ್ಚಾಗಿದೆ ಅಥವಾ ಕೈ ಸಡಿಲವಾಗಿದೆ. ಈ ಹಂತದಲ್ಲಿ ಬಿಚ್ಚಲು ಹಿಂಜರಿಯಬಾರದು, ಕೆಳಗೆ ಹೋದ ಮೇಲೆ ಇದನ್ನು ಸರಿಪಡಿಸಲು ಬರುವುದಿಲ್ಲ.

ಸುತ್ತಿನ ಭಾಗ ಮತ್ತು ಅಂಚು

ಏಳನೆಯ ಸುತ್ತಿನಿಂದ ಹೆಚ್ಚಳ ನಿಲ್ಲುತ್ತದೆ, ಉಬ್ಬುಗೆರೆಗಳು ಒತ್ತೊತ್ತಾಗುತ್ತವೆ. ಉಬ್ಬುಕಂಬದ ಮೇಲೆ ಉಬ್ಬುಕಂಬ, ನಂತರ ಒಂದು ಸಾದಾ, ಒಂದು ಉಬ್ಬು, ಒಂದು ಸಾದಾ, ಒಂದು ಉಬ್ಬು, ಒಂದು ಸಾದಾ: ಹೀಗೆ ಆರು ಹೊಲಿಗೆಗಳ ಗುಂಪನ್ನು ಹನ್ನೆರಡು ಸಲ ಹೆಣೆದರೆ 12 ಗೆರೆಗಳಿದ್ದಲ್ಲಿ 36 ಗೆರೆಗಳಾಗುತ್ತವೆ. ಎಂಟನೆಯ ಸುತ್ತಿನಿಂದ ಹದಿನೈದನೆಯ ಸುತ್ತಿನವರೆಗೆ ಉಬ್ಬಿನ ಮೇಲೆ ಉಬ್ಬು, ಸಾದಾ ಮೇಲೆ ಸಾದಾ; ಯೋಚಿಸಬೇಕಾದದ್ದು ಏನೂ ಇಲ್ಲ. ಉಬ್ಬುಕಂಬ ಹೆಣೆದ ಮೇಲೆ ಅದರ ಹಿಂದೆ ಅಡಗಿರುವ ಕಂಬದ ತಲೆಯನ್ನು ಬಿಟ್ಟು ಮುಂದೆ ಹೋಗಬೇಕು ಎಂಬುದನ್ನು ಮಾತ್ರ ಮರೆಯಬಾರದು. ಅಲ್ಲಿಯೂ ಒಂದು ಕಂಬ ಸೇರಿಬಿಟ್ಟರೆ ಎಣಿಕೆ ಬೆಳೆಯುತ್ತ ಹೋಗಿ ಟೋಪಿ ಗಂಟೆಯಾಕಾರಕ್ಕೆ ಅಗಲವಾಗುತ್ತದೆ. ಈ ಭಾಗ ಮುಟ್ಟಿದರೆ ನೆತ್ತಿಗಿಂತ ದಪ್ಪಗಿರುತ್ತದೆ ಮತ್ತು ಒಂದಿಷ್ಟು ಒಳಕ್ಕೆ ಸೇದಿಕೊಂಡಿರುತ್ತದೆ. ಅದು ಹಾಗೆಯೇ ಇರಬೇಕು. ಹೊರೆ ಹೊರುವ ನೆತ್ತಿಯಲ್ಲಿ ಗೆರೆಗಳು ವಿರಳವಾಗಿದ್ದು, ಚಳಿ ತಾಗುವ ಕಿವಿ ಮತ್ತು ಹಿಂದಲೆಯ ಮೇಲೆ ದಟ್ಟವಾಗಿರುವಂತೆ ಈ ಕ್ರಮವನ್ನು ಹೊಂದಿಸಲಾಗಿದೆ.

ಅಂಚಿಗೆ 4.5 ಮಿ.ಮೀ. ಕಡ್ಡಿ ತೆಗೆದುಕೊಂಡು, ಉಬ್ಬಿನ ಮೇಲೆ ಉಬ್ಬುಕಂಬ, ಸಾದಾ ಕಂಬದ ಕಾಲಿಗೆ ತಗ್ಗುಕಂಬ, ಹೀಗೆ ಮೂರು ಸುತ್ತು ಹೆಣೆಯಿರಿ. ಇದು ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಟ್ಟಿಯಾಗುತ್ತದೆ. ನೆತ್ತಿಯ ನಡುವಿನಿಂದ ಅಂಚಿನವರೆಗೆ ಈಗ ಅಳೆದರೆ 22 ಸೆಂ.ಮೀ. ಆಸುಪಾಸು ಬರಬೇಕು, ಕಡಿಮೆ ಬಂದರೆ ಇನ್ನೊಂದು ಸುತ್ತು ಸೇರಿಸಿ. ಕಿವಿ ಪೂರ್ತಿ ಮುಚ್ಚದ ಟೋಪಿಯನ್ನು ನಸುಕಿನ ಚಳಿಯಲ್ಲಿ ಯಾರೂ ಎರಡನೆಯ ದಿನ ಹಾಕಿಕೊಳ್ಳುವುದಿಲ್ಲ. ಅಂಚನ್ನು ಮೇಲಕ್ಕೆ ಮಡಚಿ ಕಿವಿಯ ಮೇಲೆ ಎರಡು ಪದರ ಮಾಡಬೇಕೆಂದರೆ ಇನ್ನೂ ಮೂರು ಸುತ್ತು ಬೇಕು. ಈ ಪಟ್ಟಿ ಎರಡೂ ಬದಿಗೆ ಒಂದೇ ತೆರನಾಗಿ ಕಾಣುವುದರಿಂದ ಮಡಚಿದರೂ ಒಳಮೈ ಕಂಡಂತೆ ಆಗುವುದಿಲ್ಲ. ದಾರ 100 ಗ್ರಾಂ ಮೀರುವ ಸಾಧ್ಯತೆ ಇರುವುದರಿಂದ ಆಗ ಇನ್ನೊಂದು ಉಂಡೆ ಕೈಯಲ್ಲಿರಲಿ.

ದಾರ ಮುಗಿಸುವ ಕೆಲಸವನ್ನು ಅವಸರದಲ್ಲಿ ಮಾಡಬಾರದು. ಕೊನೆಯ ಹೊಲಿಗೆಯ ನಂತರ 20 ಸೆಂ.ಮೀ. ಬಾಲ ಬಿಟ್ಟು ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ, ಒಳಬದಿಯಲ್ಲಿ ಒಂದು ಉಬ್ಬುಗೆರೆಯ ಹಿಂದೆ ಮೇಲಕ್ಕೆ ಹಾಯಿಸಿ, ಪಕ್ಕದ ಗೆರೆಯಲ್ಲಿ ಕೆಳಕ್ಕೆ ತಂದು, ಮತ್ತೊಮ್ಮೆ ಅಡ್ಡಲಾಗಿ ಎಳೆದು ಮುಗಿಸಬೇಕು. ಮೂರು ದಿಕ್ಕಿಗೆ ಹಾಯಿಸಿದ ದಾರ ಎಷ್ಟು ತೊಳೆದರೂ ಹೊರಗೆ ಬರುವುದಿಲ್ಲ. ನೆತ್ತಿಯ ಜಾರುಕುಣಿಕೆಯ ತುದಿಯನ್ನು ಮೊದಲು ರಂಧ್ರದ ಸುತ್ತ ಎರಡು ಸಲ ಸುತ್ತಾಡಿಸಿ ಬಿಗಿಮಾಡಿ, ಆಮೇಲೆ ಕಂಬಗಳ ಕಾಲುಗಳಲ್ಲಿ ಹರಡಿ ಬಿಡಬೇಕು. ಎಲ್ಲಿಯೂ ಗಂಟು ಬೇಡ. ಮುಗಿದ ಟೋಪಿಯನ್ನು ಒಳಮೈ ಹೊರಗೆ ಮಾಡಿ, ನೆತ್ತಿಯ ಮೇಲೆ ಅಂಗೈ ಇಟ್ಟು ಜೋರಾಗಿ ಒತ್ತಿ ನೋಡಿ. ಅಂಗೈಗೆ ಏನೂ ತಾಗದಿದ್ದರೆ ತಲೆಗೂ ತಾಗುವುದಿಲ್ಲ.

ಮಕ್ಕಳಿಗೆ, ಕೂಸುಗಳಿಗೆ

ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಎಣಿಕೆ ಬದಲಿಸದೆ ಇಡೀ ಟೋಪಿಯನ್ನು 4.5 ಮಿ.ಮೀ. ಕಡ್ಡಿಯಲ್ಲಿ, ಅಂಚನ್ನು 4 ಮಿ.ಮೀ. ಕಡ್ಡಿಯಲ್ಲಿ ಹೆಣೆದು 19–20 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿದರೆ ಸಾಕು. ಒಂದು ವರ್ಷದ ಆಚೀಚಿನ ಮಕ್ಕಳಿಗೆ ತೆಳುವಾದ ಬೇಬಿ ಉಲನ್ ಮತ್ತು 3.5 ಮಿ.ಮೀ. ಕಡ್ಡಿ ಹಿಡಿದು ಅದೇ 72 ಹೊಲಿಗೆ ಹೆಣೆಯಬಹುದು. ನೆತ್ತಿ 13 ಸೆಂ.ಮೀ. ಅಡ್ಡಳತೆಗೆ ಬಂದರೆ ಸರಿಯಾಯಿತು, ಎತ್ತರ 17 ಸೆಂ.ಮೀ. ಇರಲಿ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದೆನ್ನುತ್ತಾರೆ, ಆದರೆ ದಾನದ ವಿಷಯದಲ್ಲಿ ಕುಲಾವಿ ಮೊದಲೇ ಸಿದ್ಧವಿರಬೇಕು. ಹುಟ್ಟಿದ ಕೂಸಿನ ದೇಹಕ್ಕೆ ಹೋಲಿಸಿದರೆ ಅದರ ತಲೆ ದೊಡ್ಡದು, ಅಲ್ಲಿಂದ ಶಾಖ ಬೇಗ ಹೋಗುತ್ತದೆ. ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟುವ ಕಾಂಗರೂ ಆರೈಕೆಯಲ್ಲಿಯೂ ತಲೆಗೆ ಟೋಪಿ ಹಾಕುತ್ತಾರೆ. ತುಂಬು ತಿಂಗಳ ಕೂಸಿನ ತಲೆ 34–35 ಸೆಂ.ಮೀ. ಇರುವುದರಿಂದ, ಮೃದುವಾದ ದಾರದಲ್ಲಿ 4.5 ಮಿ.ಮೀ. ಕಡ್ಡಿಯಿಂದ ನಾಲ್ಕನೆಯ ಸುತ್ತಿಗೇ, ಅಂದರೆ 48 ಹೊಲಿಗೆಗೇ, ಹೆಚ್ಚಳ ನಿಲ್ಲಿಸಿ ಒಟ್ಟು 13 ಸೆಂ.ಮೀ. ಎತ್ತರ ಮಾಡಬೇಕು. ಇದರಲ್ಲಿ ಆರಂಭದ 12 ಗೆರೆಗಳಷ್ಟೇ ಇರಲಿ, ಹೆಚ್ಚಿನ ಉಬ್ಬು ಬೇಡ. ಕಟ್ಟುವ ದಾರ, ಗುಂಡಿ, ಮಣಿ, ಗೊಂಡೆ ಯಾವುದೂ ಇರಕೂಡದು, ಮುಖದ ಮೇಲೆ ಜಾರುವಷ್ಟು ಸಡಿಲವೂ ಆಗಕೂಡದು. ಆಸ್ಪತ್ರೆಗೆ ಕೊಡುವುದಾದರೆ ನವಜಾತ ಶಿಶು ಘಟಕದ ಸಿಸ್ಟರ್ ಅವರನ್ನು ಮೊದಲು ಕೇಳಬೇಕು. ಕೆಲವು ಕಡೆ ಹತ್ತಿಯ ಟೋಪಿಯನ್ನು ಮಾತ್ರ ಒಪ್ಪುತ್ತಾರೆ.

ತೊಳೆಯುವುದು, ಇಡುವುದು, ಕೊಡುವುದು

ಹೆಣೆದ ಟೋಪಿಗಳನ್ನು ತಣ್ಣೀರಿನಲ್ಲಿ ಸೌಮ್ಯ ಸಾಬೂನಿನಿಂದ ತೊಳೆದು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹಾಸಿ ಒಣಗಿಸಬೇಕು. ಹಗ್ಗಕ್ಕೆ ಇಳಿಬಿಟ್ಟರೆ ನೀರಿನ ಭಾರಕ್ಕೆ ಜೋತು ಉದ್ದವಾಗುತ್ತವೆ. ಕೊಡುವ ದಿನದವರೆಗೆ ಎತ್ತಿಡುವಾಗ ಡಾಂಬರ ಗುಳಿಗೆ ಹಾಕಲೇಬಾರದು. ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸುಗಳಲ್ಲಿ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ, ಕಾಮಾಲೆ ತರುತ್ತದೆ. ಕೊರತೆ ಯಾವ ಕೂಸಿಗಿದೆ ಎಂಬುದು ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಚೆನ್ನಾಗಿ ಒಣಗಿದ ಬೇವಿನ ಎಲೆಗಳನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ಸಾಕು.

ಗಣೇಶನ ಹಬ್ಬದ ಹೊತ್ತಿಗೆ ಹೆಣೆಯಲು ಕುಳಿತರೆ ಗ್ಯಾಂಗುಗಳು ಬರುವಾಗ ಟೋಪಿಗಳು ತಯಾರಿರುತ್ತವೆ. ಕೊಡುವ ಮೊದಲು ಹೊಲದ ಮಾಲೀಕರ ಮೂಲಕ ಗ್ಯಾಂಗಿನ ಮುಕಾದಮರನ್ನು (ಮುಖ್ಯಸ್ಥರನ್ನು) ಕಂಡು ಎಷ್ಟು ಜನರಿದ್ದಾರೆ ಎಂದು ವಿಚಾರಿಸಬೇಕು. ಅವರು ಜನರ ಲೆಕ್ಕವನ್ನು ಕೊಯ್ತಾದಲ್ಲಿ ಹೇಳುವುದುಂಟು. ಒಂದು ಕೊಯ್ತಾ ಎಂದರೆ ಗಂಡ ಹೆಂಡತಿ ಇಬ್ಬರು. ಹಾಗಾಗಿ ಹತ್ತು ಕೊಯ್ತಾ ಎಂದರೆ ಇಪ್ಪತ್ತು ಟೋಪಿ ಬೇಕು, ಮಕ್ಕಳ ಟೋಪಿ ಬೇರೆ. ಅರ್ಧ ಜನರಿಗೆ ಸಿಕ್ಕು ಅರ್ಧ ಜನರಿಗೆ ಸಿಗದಂತೆ ಕೊಡುವುದಕ್ಕಿಂತ ಸಣ್ಣ ಗ್ಯಾಂಗನ್ನು ಆರಿಸಿಕೊಂಡು ಎಲ್ಲರಿಗೂ ಕೊಡುವುದು ಮೇಲು. ಟ್ರೇಲರ್ ತುಂಬಿ ಹೋದ ಮೇಲೆ, ಸಂಜೆ, ಅವರು ಗುಡಿಸಲಿಗೆ ಬಂದಿರುವಾಗ ಹೋಗಬೇಕು. ಬೀಡ್ ಕಡೆಯವರಿಗೆ ತೊಳೆಯುವ ಕ್ರಮವನ್ನೂ ಬೆಂಕಿಯ ಎಚ್ಚರಿಕೆಯನ್ನೂ ಮರಾಠಿಯಲ್ಲಿ ಹೇಳಬಲ್ಲ ಒಬ್ಬರು ಜೊತೆಗಿರಲಿ. ಬಣ್ಣ ಆರಿಸಿಕೊಳ್ಳುವ ಅವಕಾಶವನ್ನು ಅವರಿಗೇ ಬಿಡಿ, ಫೋಟೊ ತೆಗೆಯಲು ಹೋಗಬೇಡಿ.

ಹಂಗಾಮು ಮುಗಿದು ಅವರು ಊರಿಗೆ ಹೊರಡುವ ಮುನ್ನ ಸಾಧ್ಯವಾದರೆ ಮತ್ತೊಮ್ಮೆ ಹೋಗಿ ಟೋಪಿಗಳು ಹೇಗೆ ಬಾಳಿದವು ಎಂದು ಕೇಳಿ. ಅಂಚು ಸಡಿಲವಾಗಿದ್ದರೆ ಮುಂದಿನ ಸಲ ಅಂಚಿಗೆ 4 ಮಿ.ಮೀ. ಕಡ್ಡಿ ಹಿಡಿಯಬೇಕು, ಕಿವಿಯಿಂದ ಮೇಲಕ್ಕೆ ಜಾರುತ್ತಿದ್ದರೆ ಎರಡು ಸುತ್ತು ಹೆಚ್ಚು ಹೆಣೆಯಬೇಕು, ಸಿಂಬೆಯ ಕೆಳಗೆ ದಪ್ಪವೆನಿಸಿದ್ದರೆ ನೆತ್ತಿಯ ಮೊದಲ ಆರು ಸುತ್ತುಗಳನ್ನು ಉಬ್ಬುಗೆರೆಯಿಲ್ಲದೆ ಸಾದಾ ಕಂಬದಲ್ಲೇ ಮುಗಿಸಿ, ಏಳನೆಯ ಸುತ್ತಿನಿಂದ ಗೆರೆಗಳನ್ನು ಆರಂಭಿಸಬೇಕು.